ಹೊಸ ಟ್ಯಾಪೆಟ್ ಹಾಕಿದ ಮೇಲೂ ಟಿಕ್ ಟಿಕ್ ಸದ್ದು ಯಾಕೆ?

2007ರಲ್ಲಿ ಮಾರುತಿ ಸ್ವಿಫ್ಟ್‌ನ ಡೀಸೆಲ್ ಮಾದರಿ ನಮ್ಮ ರಸ್ತೆಗೆ ಇಳಿಯಿತು. ಅದರಲ್ಲಿದ್ದದ್ದು ಫಿಯಟ್ ಕಂಪನಿ ರೂಪಿಸಿದ 1,248 ಸಿಸಿ, ಅಂದರೆ 1.3 ಲೀಟರ್ ಎಂಜಿನ್. ಮುಂದೆ ಅದೇ ಎಂಜಿನ್ ಡಿಜೈರ್, ರಿಟ್ಜ್, ಎರ್ಟಿಗಾಗಳಿಗೂ ಬಂತು. ಟಾಟಾ ಇಂಡಿಕಾ ವಿಸ್ಟಾ, ಫಿಯಟ್ ಪುಂಟೊ, ಲಿನಿಯಾಗಳಲ್ಲೂ ಕೂತಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಜಾರಿಯಾದಾಗ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಹಾಗಾಗಿ ಈಗ ಓಡಾಡುತ್ತಿರುವ ಡೀಸೆಲ್ ಸ್ವಿಫ್ಟ್, ಡಿಜೈರ್‌ಗಳೆಲ್ಲ ವಯಸ್ಸಾದವೇ. ಎರಡು, ಮೂರು ಲಕ್ಷ ಕಿಲೋಮೀಟರ್ ಓಡಿದ ಗಾಡಿಗಳೂ ಸೆಕೆಂಡ್ ಹ್ಯಾಂಡ್‌ನಲ್ಲಿ ಕೈ ಬದಲಾಯಿಸುತ್ತಲೇ ಇವೆ.

ಇಂಥ ಗಾಡಿಗಳಲ್ಲಿ ಒಂದು ದಿನ ಬಾನೆಟ್ ಒಳಗಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು ಶುರುವಾಗುತ್ತದೆ. ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ, 'ಟ್ಯಾಪೆಟ್ ಸೌಂಡ್ ಸರ್, ಸೆಟ್ಟೇ ಚೇಂಜ್ ಮಾಡ್ಬೇಕು' ಅನ್ನುತ್ತಾನೆ. ಈ ಎಂಜಿನ್‌ನಲ್ಲಿ 16 ವಾಲ್ವ್‌ಗಳು, ಆದ್ದರಿಂದ 16 ಟ್ಯಾಪೆಟ್‌ಗಳು. ಪಾರ್ಟ್‌ಗೂ ಕೂಲಿಗೂ ಸಾವಿರಾರು ರೂಪಾಯಿ ಖರ್ಚಾಗುತ್ತದೆ. ಎಲ್ಲ ಜೋಡಿಸಿ ಸೆಲ್ಫ್ ಹೊಡೆದರೆ ಮತ್ತೆ ಅದೇ ಸದ್ದು. ಕೆಲವೊಮ್ಮೆ ಮೊದಲಿಗಿಂತ ಜಾಸ್ತಿ! ಆಗ ಗಾಡಿಯವರಿಗೆ ಬರುವುದು ಎರಡೇ ಅನುಮಾನ. ಹಳೆಯದನ್ನೇ ಒರೆಸಿ ಹಾಕಿದರಾ? ಇಲ್ಲ, ಡೂಪ್ಲಿಕೇಟ್ ಪಾರ್ಟ್ ಕೊಟ್ಟರಾ?

ಎರಡೂ ಆಗಿರಬಹುದು. ಆದರೆ ಬಹಳಷ್ಟು ಸಲ ಎರಡೂ ಆಗಿರುವುದಿಲ್ಲ. ಹೊಸ ಹೈಡ್ರಾಲಿಕ್ (ಒಳಗೆ ಎಣ್ಣೆ ತುಂಬಿಕೊಂಡು ಕೆಲಸ ಮಾಡುವ) ಟ್ಯಾಪೆಟ್ ಮೊದಲ ಸ್ಟಾರ್ಟ್‌ನಲ್ಲಿ ಸದ್ದು ಮಾಡುವುದು ಅದು ಕೆಲಸ ಮಾಡುವ ರೀತಿಗೇ ಸೇರಿದ ಸಂಗತಿ. ಆ ಸದ್ದು ಎಷ್ಟು ಹೊತ್ತು ಇದ್ದರೆ ಸರಿ, ಯಾವಾಗ ಅದು ಬೇರೆ ಕಾಯಿಲೆಯ ಸುಳಿವು ಅಂತ ತಿಳಿಯಬೇಕಾದರೆ ಮೊದಲು ಆ ಪುಟ್ಟ ಪಾರ್ಟಿನ ಒಳಗೆ ಏನಿದೆ ಅಂತ ನೋಡಬೇಕು.

ವಾಲ್ವ್, ಕ್ಯಾಮ್, ನಡುವೆ ಒಂದು ಗ್ಯಾಪ್

ಎಂಜಿನ್‌ನ ಪ್ರತಿ ಸಿಲಿಂಡರ್‌ನ ತಲೆಯ ಮೇಲೆ ಬಾಗಿಲುಗಳಿವೆ. ಗಾಳಿ ಒಳಗೆ ಬರಲು ಕೆಲವು, ಹೊಗೆ ಹೊರಗೆ ಹೋಗಲು ಕೆಲವು. ಇವೇ ವಾಲ್ವ್‌ಗಳು. ಬಲವಾದ ಸ್ಪ್ರಿಂಗ್‌ಗಳು ಅವನ್ನು ಮುಚ್ಚಿ ಹಿಡಿದಿರುತ್ತವೆ. ತೆರೆಯುವ ಕೆಲಸ ಕ್ಯಾಮ್‌ಶಾಫ್ಟ್‌ನದು. ಇದೊಂದು ಉದ್ದನೆಯ ಕಬ್ಬಿಣದ ಸರಳು. ಅದರ ಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುತ್ತವೆ. ಸರಳು ತಿರುಗಿದಂತೆ ಉಬ್ಬು ಬಂದು ವಾಲ್ವ್ ಅನ್ನು ಕೆಳಗೆ ಒತ್ತುತ್ತದೆ. ಉಬ್ಬು ದಾಟಿ ಹೋದ ಮೇಲೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಕ್ಯಾಮ್‌ಗೂ ವಾಲ್ವ್‌ಗೂ ನಡುವೆ ನಿಂತು ಈ ಒತ್ತಡಕ್ಕೆ ಆಸರೆಯಾಗುವ ಪಾರ್ಟೇ ಟ್ಯಾಪೆಟ್. ಪುಸ್ತಕಗಳಲ್ಲಿ ಇದಕ್ಕೆ ಲಿಫ್ಟರ್ ಅಂತಲೂ ಹೆಸರಿದೆ.

ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ಮುಖ್ಯ ಸರಳು) ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಗಾಡಿ 800 ಆರ್‌ಪಿಎಂನಲ್ಲಿ (ಕ್ರ್ಯಾಂಕ್ ನಿಮಿಷಕ್ಕೆ 800 ಸುತ್ತು) ಸುಮ್ನೆ ನಿಂತಿದ್ದಾಗಲೂ ಒಂದೊಂದು ವಾಲ್ವ್ ನಿಮಿಷಕ್ಕೆ 400 ಸಲ ತೆರೆದು ಮುಚ್ಚುತ್ತಿರುತ್ತದೆ. 3,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 25 ಸಲ. ಈ ಲೆಕ್ಕ ನೆನಪಿರಲಿ, ಮುಂದೆ ಸದ್ದು ಗುರುತಿಸುವಾಗ ಬೇಕಾಗುತ್ತದೆ.

ಈಗ ತೊಡಕು ಶುರು. ಲೋಹ ಬಿಸಿಯಾದರೆ ಹಿಗ್ಗುತ್ತದೆ. 100 ಮಿ.ಮೀ. ಉದ್ದದ ಉಕ್ಕಿನ ಸರಳನ್ನು 100 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ಅದು ಸುಮಾರು 0.12 ಮಿ.ಮೀ. ಉದ್ದವಾಗುತ್ತದೆ. ಕ್ಯಾಮ್, ಟ್ಯಾಪೆಟ್, ವಾಲ್ವ್ ಮೂರನ್ನೂ ತಣ್ಣಗಿದ್ದಾಗಲೇ ಬಿಗಿಯಾಗಿ ಅಂಟಿಸಿ ಇಟ್ಟರೆ, ಬಿಸಿಯಾದ ಮೇಲೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಕಂಪ್ರೆಷನ್ ಸೋರುತ್ತದೆ, ವಾಲ್ವ್ ಸುಟ್ಟು ಹೋಗುತ್ತದೆ. ಅದಕ್ಕೇ ಹಳೆಯ ಎಂಜಿನ್‌ಗಳಲ್ಲಿ ಬೇಕೆಂದೇ ಒಂದಿಷ್ಟು ಗ್ಯಾಪ್ ಬಿಡುತ್ತಿದ್ದರು. ಅಂಬಾಸಿಡರ್, ಪದ್ಮಿನಿ, ಹಳೆಯ ಮಾರುತಿ 800 ಇಟ್ಟುಕೊಂಡಿದ್ದವರಿಗೆ 'ಟ್ಯಾಪೆಟ್ ಸೆಟ್ಟಿಂಗ್' ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಫೀಲರ್ ಗೇಜ್ ಎಂಬ ತೆಳು ಉಕ್ಕಿನ ಪಟ್ಟಿ ತೂರಿಸಿ, ಸ್ಕ್ರೂ ತಿರುಗಿಸಿ, ನಟ್ ಬಿಗಿ ಮಾಡಿದರೆ ಆಯಿತು. ಕೆಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ಮತ್ತೆ ಅದೇ ಕೆಲಸ.

ಗ್ಯಾಪ್ ಇದ್ದಲ್ಲಿ ಲೋಹ ಲೋಹಕ್ಕೆ ಬಡಿಯುತ್ತದೆ. ಟಿಕ್ ಅನ್ನುವುದು ಆ ಬಡಿತ.

ಎಣ್ಣೆಯಿಂದ ಗ್ಯಾಪ್ ತುಂಬುವ ಉಪಾಯ

ಗ್ಯಾಪೂ ಇರಬಾರದು, ಬಿಗಿಯೂ ಆಗಬಾರದು. ಪದೇ ಪದೇ ಸ್ಕ್ರೂ ತಿರುಗಿಸುವ ಕೆಲಸವೂ ಬೇಡ. ಇದಕ್ಕೆ ಸಿಕ್ಕ ಉತ್ತರವೇ ಹೈಡ್ರಾಲಿಕ್ ಟ್ಯಾಪೆಟ್. ಮಾರಾಟದ ಕಾರುಗಳಲ್ಲಿ ಇದಕ್ಕೆ ಹೆಸರು ತಂದದ್ದು 1930ರ ಅಮೆರಿಕದ ಕ್ಯಾಡಿಲಾಕ್ ವಿ-16. 16 ಸಿಲಿಂಡರ್‌ನ ಶ್ರೀಮಂತರ ಕಾರು ಅದು. ಅದರಲ್ಲಿ ಟ್ಯಾಪೆಟ್ ಸದ್ದು ಕೇಳಿಸಿದರೆ ಮರ್ಯಾದೆ ಉಳಿಯುತ್ತಿತ್ತೇ!

ಒಳಗಿನ ರಚನೆ ಸರಳ. ಒಂದು ಪುಟ್ಟ ಉಕ್ಕಿನ ಕಪ್. ಅದರೊಳಗೆ ಜಾರುವ ಇನ್ನೊಂದು ಸಣ್ಣ ಪಿಸ್ಟನ್, ಅಂದರೆ ಪ್ಲಂಜರ್. ಪ್ಲಂಜರ್ ಕೆಳಗೆ ಒಂದು ಮೆತ್ತನೆಯ ಸ್ಪ್ರಿಂಗ್ ಮತ್ತು ಎಣ್ಣೆ ತುಂಬಿದ ಚಿಕ್ಕ ಕೋಣೆ. ಆ ಕೋಣೆಯ ಬಾಯಲ್ಲಿ ಒಂದು ಪುಟಾಣಿ ಉಕ್ಕಿನ ಗುಂಡು. ಎಣ್ಣೆ ಒಳಗೆ ಬರಲು ಗುಂಡು ದಾರಿ ಬಿಡುತ್ತದೆ, ಹೊರಗೆ ಹೋಗಲು ಬಿಡುವುದಿಲ್ಲ.

ವಾಲ್ವ್ ಮುಚ್ಚಿದ್ದಾಗ ಟ್ಯಾಪೆಟ್ ಮೇಲೆ ಭಾರವಿಲ್ಲ. ಒಳಗಿನ ಸ್ಪ್ರಿಂಗ್ ಪ್ಲಂಜರ್ ಅನ್ನು ಮೇಲೆ ತಳ್ಳಿ ಗ್ಯಾಪ್ ಪೂರ್ತಿ ತುಂಬುತ್ತದೆ. ಹಾಗೆ ಹೆಚ್ಚಾದ ಜಾಗಕ್ಕೆ ಎಂಜಿನ್ ಆಯಿಲ್ ಒಳಗೆ ಬರುತ್ತದೆ. ಮರುಕ್ಷಣವೇ ಕ್ಯಾಮ್ ಉಬ್ಬು ಬಂದು ಒತ್ತುತ್ತದೆ. ಗುಂಡು ಬಾಯಿ ಮುಚ್ಚುತ್ತದೆ. ಎಣ್ಣೆ ಒಳಗೇ ಸಿಕ್ಕಿಬೀಳುತ್ತದೆ. ದ್ರವವನ್ನು ಹಿಂಡಿ ಕುಗ್ಗಿಸಲು ಆಗುವುದಿಲ್ಲ ಅಲ್ವಾ? ಹಾಗಾಗಿ ಆ ಕ್ಷಣಕ್ಕೆ ಇಡೀ ಟ್ಯಾಪೆಟ್ ಗಟ್ಟಿ ಉಕ್ಕಿನ ತುಂಡಿನಂತೆ ವರ್ತಿಸುತ್ತದೆ, ವಾಲ್ವ್ ತೆರೆಯುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಸೂಜಿ ಇಲ್ಲದ ಸಿರಿಂಜ್ ತಗೊಳ್ಳಿ. ನೀರು ತುಂಬಿ, ತುದಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಹಿಂದಿನಿಂದ ಒತ್ತಿ. ಅಲುಗಾಡುವುದೇ ಇಲ್ಲ. ಈಗ ಅದರಲ್ಲಿ ಅರ್ಧ ಗಾಳಿ ಬಿಟ್ಟು ಮತ್ತೆ ಒತ್ತಿ. ಮೆತ್ತಗೆ ಒಳಗೆ ಹೋಗುತ್ತದೆ, ಬಿಟ್ಟರೆ ಹಿಂದಕ್ಕೆ ಪುಟಿಯುತ್ತದೆ. ಹೊಸ ಟ್ಯಾಪೆಟ್ ಸದ್ದಿನ ಮುಖ್ಯ ಕಾರಣ ಇಷ್ಟೇ: ಗಾಳಿ.

ಪ್ಲಂಜರ್‌ಗೂ ಅದರ ಗೋಡೆಗೂ ನಡುವೆ ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟು ಸಂದು ಇದೆ. ಪ್ರತಿ ಒತ್ತಿಗೂ ಅಲ್ಲಿಂದ ಒಂಚೂರು ಎಣ್ಣೆ ಸೋರುತ್ತದೆ. ಇದು ದೋಷ ಅಲ್ಲ, ಬೇಕೆಂದೇ ಇಟ್ಟದ್ದು. ವಾಲ್ವ್ ಬಿಸಿಯಾಗಿ ಉದ್ದವಾದಾಗ ಟ್ಯಾಪೆಟ್ ಕುಗ್ಗಿ ಜಾಗ ಕೊಡುವುದು ಈ ಸೋರಿಕೆಯಿಂದಲೇ. ಒಳಗೆ ಸೇರಿದ ಗಾಳಿ ನಿಧಾನಕ್ಕೆ ಹೊರಬೀಳುವುದೂ ಇದೇ ದಾರಿಯಲ್ಲಿ.

ಎಲ್ಲ ಎಂಜಿನ್‌ಗಳಲ್ಲೂ ಇದರ ಆಕಾರ ಒಂದೇ ಅಲ್ಲ. ಕೆಲವದರಲ್ಲಿ ಕ್ಯಾಮ್ ನೇರವಾಗಿ ಬಕೆಟ್ ಆಕಾರದ ಟ್ಯಾಪೆಟ್ ಮೇಲೆಯೇ ಒತ್ತುತ್ತದೆ. ನಾವು ಹೇಳುತ್ತಿರುವ 1.3 ಡೀಸೆಲ್‌ನಲ್ಲಿ ಟ್ಯಾಪೆಟ್, ಸಿಲಿಂಡರ್‌ಗಳ ಮೇಲೆ ಮುಚ್ಚಳದಂತೆ ಕೂತ ಹೆಡ್ ಎಂಬ ಭಾಗದ ಗುಳಿಯಲ್ಲಿ ಒಂದು ಗೂಟದಂತೆ ನಿಂತಿರುತ್ತದೆ. ರಾಕರ್ ಎಂಬ ಚಿಕ್ಕ ಪಟ್ಟಿಯ ಒಂದು ತುದಿ ಅದರ ತಲೆಯ ಮೇಲೆ, ಇನ್ನೊಂದು ತುದಿ ವಾಲ್ವ್ ಮೇಲೆ. ನಡುವೆ ಇರುವ ರೋಲರ್ ಅನ್ನು ಕ್ಯಾಮ್ ಒತ್ತುತ್ತದೆ. ಒಳಗಿನ ಎಣ್ಣೆಯ ಆಟ ಮಾತ್ರ ಎಲ್ಲದರಲ್ಲೂ ಒಂದೇ.

ಡಬ್ಬಿಯಿಂದ ತೆಗೆದ ಟ್ಯಾಪೆಟ್‌ನಲ್ಲಿ ಏನಿರುತ್ತದೆ

ಕೆಲವು ಕಂಪನಿಯ ಟ್ಯಾಪೆಟ್‌ಗಳು ಎಣ್ಣೆ ತುಂಬಿಯೇ ಬರುತ್ತವೆ. ಕೆಲವು ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿಕೊಂಡು, ಒಳಗೆ ಖಾಲಿಯಾಗಿ ಬರುತ್ತವೆ. ತುಂಬಿದ್ದರೂ ಅಂಗಡಿಯ ಶೆಲ್ಫ್‌ನಲ್ಲಿ ತಿಂಗಳುಗಟ್ಟಲೆ ಅಡ್ಡಡ್ಡ ಬಿದ್ದಿದ್ದರೆ ಗಾಳಿ ಸೇರಿರಬಹುದು. ನೆಟ್ಟಗೆ ನಿಲ್ಲಿಸಿ ಇಡಬೇಕು ಅನ್ನುವುದು ಅದಕ್ಕೇ.

ಒಳ್ಳೆಯ ಮೆಕ್ಯಾನಿಕ್ ಒಂದು ಬೋಗುಣಿಯಲ್ಲಿ ಶುದ್ಧ ಎಂಜಿನ್ ಆಯಿಲ್ ಹಾಕಿ, ಟ್ಯಾಪೆಟ್‌ಗಳನ್ನು ನಿಲ್ಲಿಸಿ ಮುಳುಗಿಸಿ ಇಡುತ್ತಾನೆ. ಸುಮ್ನೆ ಮುಳುಗಿಸಿಟ್ಟರೆ ಸಾಲದು. ಮೇಲಿನ ತೂತಿನಿಂದ ಸಣ್ಣ ತಂತಿ ಇಳಿಸಿ, ಒಳಗಿನ ಗುಂಡನ್ನು ಮೆಲ್ಲಗೆ ಒತ್ತಿ ಹಿಡಿದು, ಪ್ಲಂಜರ್ ಅನ್ನು ಮೇಲೆ ಕೆಳಗೆ ಆಡಿಸುತ್ತಾನೆ. ಪುಟ್ಟ ಗುಳ್ಳೆಗಳು ಎದ್ದು ಬರುತ್ತವೆ. ಗುಳ್ಳೆ ನಿಂತ ಮೇಲೆ ತಂತಿ ತೆಗೆದು ಬೆರಳಿನಿಂದ ಒತ್ತಿ ನೋಡಬೇಕು. ಸಿರಿಂಜ್‌ನ ನೀರಿನ ಹಾಗೆ ಗಟ್ಟಿಯಾಗಿ ನಿಂತರೆ ತುಂಬಿದೆ ಅಂತ. ಸ್ಪಂಜಿನಂತೆ ಒಳಗೆ ಹೋದರೆ ಗಾಳಿ ಇನ್ನೂ ಇದೆ. ಬಕೆಟ್ ಮಾದರಿಯಲ್ಲಿ ತಂತಿ ಹಾಕುವ ದಾರಿ ಇರುವುದಿಲ್ಲ. ಅಲ್ಲಿ ತಯಾರಕರು ಹೇಳಿದ ಕ್ರಮವನ್ನೇ ಅನುಸರಿಸಬೇಕು.

ಇದಕ್ಕೆ ಇನ್ನೊಂದು ಮುಖವೂ ಇದೆ. ಎಣ್ಣೆ ತುಂಬಿ ಪೂರ್ತಿ ಉದ್ದವಾಗಿ ನಿಂತ ಟ್ಯಾಪೆಟ್ ಹಾಕಿ, ಕ್ಯಾಮ್ ಬಿಗಿ ಮಾಡಿದ ಕೂಡಲೇ ಸೆಲ್ಫ್ ಹೊಡೆದರೆ ಅಪಾಯ. ಆಗ ವಾಲ್ವ್‌ಗಳು ಅಗತ್ಯಕ್ಕಿಂತ ಹೆಚ್ಚು ಕೆಳಗೆ ಇಳಿದಿರುತ್ತವೆ, ಪಿಸ್ಟನ್ ಬಂದು ತಾಗಬಹುದು. ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್‌ಗೂ ಹೆಡ್‌ಗೂ ನಡುವೆ ಜಾಗ ತೀರಾ ಕಡಿಮೆ, ಹಾಗಾಗಿ ಇಲ್ಲಿ ಇನ್ನೂ ಹುಷಾರಾಗಿರಬೇಕು. ಫೋಕ್ಸ್‌ವ್ಯಾಗನ್‌ನ ವರ್ಕ್‌ಶಾಪ್ ಕೈಪಿಡಿಗಳು ಹೊಸ ಟ್ಯಾಪೆಟ್ ಹಾಕಿದ ಮೇಲೆ ಸುಮಾರು 30 ನಿಮಿಷ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಎಚ್ಚರಿಸುವುದು ಇದೇ ಕಾರಣಕ್ಕೆ. ಆ ಹೊತ್ತಿನಲ್ಲಿ ಹೆಚ್ಚುವರಿ ಎಣ್ಣೆ ಸೋರಿ ಟ್ಯಾಪೆಟ್ ತನ್ನ ಅಳತೆಗೆ ಕೂರುತ್ತದೆ. ಆಮೇಲೆ ಕ್ರ್ಯಾಂಕ್ ಅನ್ನು ಸ್ಪ್ಯಾನರ್‌ನಿಂದ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲೂ ತಡೆಯುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಸೆಲ್ಫ್ ಹೊಡೆಯಬೇಕು. 'ಸಂಜೆಗೇ ಗಾಡಿ ಬೇಕು' ಅಂತ ನಾವು ತಲೆ ಮೇಲೆ ಕೂತರೆ ಬಿಟ್ಟುಹೋಗುವುದು ಈ ಅರ್ಧ ಗಂಟೆಯೇ.

ಮೊದಲ ಸ್ಟಾರ್ಟ್: ಎಷ್ಟು ಹೊತ್ತು ಕಾಯಬೇಕು?

ಸ್ಟಾರ್ಟ್ ಆದ ಕೂಡಲೇ ಮೊದಲು ನೋಡಬೇಕಾದದ್ದು ಮೀಟರ್‌ನಲ್ಲಿರುವ ಕೆಂಪು ಆಯಿಲ್ ದೀಪ. ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತಕ್ಷಣ ಆಫ್ ಮಾಡಿ. ಸದ್ದಿನ ಮಾತು ಆಮೇಲೆ.

ದೀಪ ಆರಿದರೆ ಎಂಜಿನ್ ಪೂರ್ತಿ ಬಿಸಿಯಾಗಲು ಬಿಡಿ. ರೇಡಿಯೇಟರ್ ಫ್ಯಾನ್ ಒಮ್ಮೆ ಆನ್ ಆಗುವವರೆಗೆ ಅಂತ ಇಟ್ಟುಕೊಳ್ಳಬಹುದು. ಆಮೇಲೆ ರೇಸ್ ಕೊಟ್ಟು 2,500 ಆರ್‌ಪಿಎಂ ಆಸುಪಾಸಿನಲ್ಲಿ ಒಂದೆರಡು ನಿಮಿಷ ಹಿಡಿದು, ಮತ್ತೆ ಐಡ್ಲಿಂಗ್‌ಗೆ ಬಿಡಿ. ಆ ವೇಗದಲ್ಲಿ ಆಯಿಲ್ ಪ್ರೆಷರ್ ಚೆನ್ನಾಗಿರುತ್ತದೆ, ಟ್ಯಾಪೆಟ್ ಬೇಗ ಬೇಗ ಒತ್ತಿ ಬಿಟ್ಟು ಗಾಳಿಯನ್ನು ಹೊರಗೆ ಹಾಕುತ್ತದೆ. ಬೇಕಾದರೆ ಇನ್ನೊಂದೆರಡು ಸಲ ಹೀಗೆ ಮಾಡಬಹುದು. ತಣ್ಣನೆ ಎಂಜಿನ್‌ಗೆ ಕಿರುಚುವ ಹಾಗೆ ರೇಸ್ ಕೊಡುವುದು ಬೇಡ. ಒಳಗಿನ ಬಡಿತ ಜಾಸ್ತಿಯಾಗುತ್ತದೆ ಅಷ್ಟೇ.

ಹೆಚ್ಚಿನ ಟ್ಯಾಪೆಟ್‌ಗಳು ಇಷ್ಟರಲ್ಲೇ ಸುಮ್ಮನಾಗುತ್ತವೆ. ಒಂದೆರಡು ಹಟ ಹಿಡಿಯಬಹುದು. ಅವು ನೈಸ್ ರಸ್ತೆಯಲ್ಲೋ ಮೈಸೂರು ಹೈವೇಯಲ್ಲೋ ಒಂದೇ ಸಮನೆ 20–30 ಕಿಲೋಮೀಟರ್ ಓಡಿಸಿ ಬಂದರೆ ದಾರಿಗೆ ಬರುತ್ತವೆ. ಊರೊಳಗಿನ ಟ್ರಾಫಿಕ್‌ನಲ್ಲಿ ಕ್ಲಚ್ ತುಳಿದುಕೊಂಡು ತೆವಳಿದರೆ ಅದೇ ಕೆಲಸಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಇಷ್ಟೆಲ್ಲ ಆದ ಮೇಲೂ ಬಿಸಿ ಎಂಜಿನ್‌ನಲ್ಲಿ ಸದ್ದು ಮೊದಲಿನಷ್ಟೇ ಇದ್ದರೆ 'ಓಡ್ತಾ ಓಡ್ತಾ ಸರಿಯಾಗುತ್ತೆ' ಅನ್ನುವ ಮಾತಿಗೆ ಕೂರಬಾರದು. ಕಡಿಮೆಯಾಗುತ್ತಾ ಬರುತ್ತಿದ್ದರೆ ಮಾತ್ರ ಕಾಯುವುದಕ್ಕೆ ಅರ್ಥವಿದೆ.

ಸದ್ದಿಲ್ಲದೆ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದ್ದರೆ, ನಡುಗುತ್ತಿದ್ದರೆ ಅದು ಇದರ ಉಲ್ಟಾ ತೊಂದರೆ. ಟ್ಯಾಪೆಟ್ ಜಾಸ್ತಿ ಉದ್ದವಾಗಿ ನಿಂತು ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಅಂತ. ಇದು ತಾನಾಗಿ ಇಳಿಯದಿದ್ದರೆ ಪಾರ್ಟ್ ನಂಬರ್ ಸರಿ ಇದೆಯಾ ಅಂತ ನೋಡಬೇಕು.

ಸದ್ದು ಯಾವಾಗ, ಎಷ್ಟು ಕಡೆಯಿಂದ?

ಎಂಜಿನ್ ಬಿಚ್ಚದೆಯೇ ಅರ್ಧ ಉತ್ತರ ಸಿಗುವುದು ಈ ಎರಡು ಪ್ರಶ್ನೆಗಳಿಂದ.

ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಟಿಕ್ ಅಂದು ನಿಂತರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ವಾಲ್ವ್ ತೆರೆದ ಸ್ಥಿತಿಯಲ್ಲಿ ಎಂಜಿನ್ ನಿಂತಿದ್ದರೆ ಆ ಟ್ಯಾಪೆಟ್ ಮೇಲೆ ರಾತ್ರಿಯಿಡೀ ಸ್ಪ್ರಿಂಗ್‌ನ ಭಾರ. ಎಣ್ಣೆ ಸೋರಿಹೋಗಿರುತ್ತದೆ. ಪಂಪ್ ಎಣ್ಣೆ ತಲುಪಿಸಿದ ಕೂಡಲೇ ತುಂಬಿಕೊಳ್ಳುತ್ತದೆ. ಇದೇ ಸದ್ದು ದಿನಾ ಹತ್ತು, ಹದಿನೈದು ಸೆಕೆಂಡ್ ಎಳೆದರೆ ಆಯಿಲ್ ಫಿಲ್ಟರ್ ಕಡೆ ನೋಡಬೇಕು. ಹಲವು ಫಿಲ್ಟರ್‌ಗಳ ಒಳಗೆ ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ಒಂದು ರಬ್ಬರ್ ಪಟ್ಟಿ ಇರುತ್ತದೆ. ಅಗ್ಗದ ಫಿಲ್ಟರ್‌ನಲ್ಲಿ ಅದು ಸರಿಯಾಗಿ ಕೂರುವುದಿಲ್ಲ. ಪ್ರತಿ ರಾತ್ರಿ ದಾರಿಯೆಲ್ಲ ಖಾಲಿ, ಪ್ರತಿ ಬೆಳಿಗ್ಗೆ ಮೊದಲಿಂದ ತುಂಬಬೇಕು.

ತಣ್ಣಗಿದ್ದಾಗ ಸದ್ದಿಲ್ಲ, ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಬರುತ್ತದೆ, ರೇಸ್ ಕೊಟ್ಟರೆ ನಿಲ್ಲುತ್ತದೆ. ಹೀಗಿದ್ದರೆ ಆಯಿಲ್ ಪ್ರೆಷರ್ ಮೇಲೆ ಅನುಮಾನ. ಬಿಸಿ ಎಣ್ಣೆ ತೆಳುವಾಗಿ, ಸವೆದ ಬೇರಿಂಗ್‌ಗಳ ಸಂದಿನಿಂದ ಜಾರಿ, ಮೇಲಿನ ಹೆಡ್‌ವರೆಗೆ ಬರುವ ಹೊತ್ತಿಗೆ ಒತ್ತಡ ಉಳಿದಿರುವುದಿಲ್ಲ. ಬಿಸಿಯಿರಲಿ ತಣ್ಣಗಿರಲಿ, ರೇಸ್ ಇರಲಿ ಇಲ್ಲದಿರಲಿ, ಒಂದೇ ಜಾಗದಿಂದ ಒಂದೇ ಸಮನೆ ಬಡಿಯುತ್ತಿದ್ದರೆ ಎಣ್ಣೆಗಿಂತ ಲೋಹದ ಸವೆತದ ಕಡೆ ಬೊಟ್ಟು ಮಾಡಬಹುದು.

ಇನ್ನು ಎಣಿಕೆ. 16ರಲ್ಲಿ ಒಂದೇ ಒಂದು ಸದ್ದು ಮಾಡಿದರೆ ಆ ಟ್ಯಾಪೆಟ್, ಅದರ ರಾಕರ್, ಅದರ ಕ್ಯಾಮ್ ಉಬ್ಬು ಇವಿಷ್ಟೇ ಆರೋಪಿಗಳು. ಇಡೀ ಸಾಲು ಬಡಿದರೆ ಅಷ್ಟೂ ಹೊಸ ಪಾರ್ಟ್ ಒಟ್ಟಿಗೆ ಕೆಟ್ಟಿರುವುದು ಕಷ್ಟ. ಎಣ್ಣೆಯೇ ಅಲ್ಲಿಗೆ ಹೋಗುತ್ತಿಲ್ಲ ಅಂತ ಲೆಕ್ಕ.

ಎಣ್ಣೆಯ ದಾರಿ ಹಿಡಿದು ಹೋದರೆ

ಮೊದಲು ಡಿಪ್‌ಸ್ಟಿಕ್, ಅಂದರೆ ಎಣ್ಣೆಯ ಮಟ್ಟ ನೋಡುವ ಕಡ್ಡಿ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ನೋಡಿ. ಎಣ್ಣೆ ಕಡಿಮೆ ಇದ್ದರೆ ಪಂಪ್ ಗಾಳಿಯನ್ನೂ ಎಳೆಯುತ್ತದೆ. ಇದು ಎಲ್ಲರಿಗೂ ಗೊತ್ತು. ಜಾಸ್ತಿ ಇದ್ದರೂ ತೊಂದರೆ ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಮೇಲಿನ ಗುರುತು ದಾಟಿ ತುಂಬಿದರೆ ತಿರುಗುವ ಕ್ರ್ಯಾಂಕ್ ಎಣ್ಣೆಗೆ ಬಡಿದು ನೊರೆ ಎಬ್ಬಿಸುತ್ತದೆ. ನೊರೆ ಅಂದರೆ ಗಾಳಿ ಬೆರೆತ ಎಣ್ಣೆ. ಅದು ಟ್ಯಾಪೆಟ್ ಸೇರಿದರೆ ಮತ್ತೆ ಗಾಳಿ ಇರುವ ಸಿರಿಂಜ್‌ನ ಕತೆಯೇ. ಡೀಸೆಲ್ ಗಾಡಿಯಲ್ಲಿ ಡಿಪ್‌ಸ್ಟಿಕ್ ಮೂಸಿಯೂ ನೋಡಿ. ಎಣ್ಣೆಯ ಮಟ್ಟ ತಾನಾಗಿ ಏರಿ ಡೀಸೆಲ್ ವಾಸನೆ ಬಂದರೆ ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕಡೆಯಿಂದ ಡೀಸೆಲ್ ಇಳಿದು ಎಣ್ಣೆ ತೆಳುವಾಗಿರಬಹುದು.

ಆಮೇಲೆ ಗ್ರೇಡ್. 5ಡಬ್ಲ್ಯೂ-30, 15ಡಬ್ಲ್ಯೂ-40 ಅಂತ ಕ್ಯಾನ್ ಮೇಲೆ ಬರೆದಿರುತ್ತದಲ್ಲ, ಅದರಲ್ಲಿ ಮೊದಲ ಸಂಖ್ಯೆ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಹೇಳುತ್ತದೆ. ಎರಡನೆಯದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಅಂತ. ಸದ್ದು ಬಂತು ಅಂತ ದಪ್ಪ ಎಣ್ಣೆ ಹಾಕಿಸುವವರು ಬಹಳ. ಕೆಲವೊಮ್ಮೆ ಸದ್ದು ನಿಲ್ಲುವುದೂ ಹೌದು. ಆದರೆ ಕಾಯಿಲೆ ಅಲ್ಲೇ ಇರುತ್ತದೆ. ಬೆಳಿಗ್ಗೆ ಆ ದಪ್ಪ ಎಣ್ಣೆ ಟ್ಯಾಪೆಟ್‌ನ ಸೂಕ್ಷ್ಮ ತೂತುಗಳಿಗೆ ತಲುಪಲು ಇನ್ನೂ ತಡ ಮಾಡುತ್ತದೆ. ಗಾಡಿಯ ಕೈಪಿಡಿಯಲ್ಲಿರುವ ಗ್ರೇಡ್ ಹಾಕಿಯೇ ಪರೀಕ್ಷೆ ಮಾಡಬೇಕು.

ಇಲ್ಲಿಗೂ ಸಿಗದಿದ್ದರೆ ಪ್ರೆಷರ್ ಅಳೆಯಿಸಿ. ನನ್ನ ಪ್ರಕಾರ ಎರಡನೇ ಸಲ ಟ್ಯಾಪೆಟ್ ಖರೀದಿಸಲು ಬೆಂಗಳೂರಿನ ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆಗೆ ಹೋಗುವ ಮೊದಲು ಆಗಲೇಬೇಕಾದ ಕೆಲಸ ಇದು. 'ಆಯಿಲ್ ಲೈಟ್ ಬರ್ತಿಲ್ಲ ಸರ್, ಪ್ರೆಷರ್ ಚೆನ್ನಾಗಿದೆ' ಅನ್ನುವುದು ಉತ್ತರ ಆಗುವುದಿಲ್ಲ. ಸಾಮಾನ್ಯವಾಗಿ ಆ ದೀಪ ಹತ್ತುವುದು ಒತ್ತಡ ಅರ್ಧ ಬಾರ್‌ಗೂ (ಬಾರ್ ಅಂದರೆ ಒತ್ತಡದ ಅಳತೆ) ಕೆಳಗೆ ಬಿದ್ದಾಗ. ಬೇರಿಂಗ್ ಸುಟ್ಟುಹೋಗುವ ಮೊದಲಿನ ಕೊನೆಯ ಕೂಗು ಅದು. ಟ್ಯಾಪೆಟ್‌ಗೆ ಅಷ್ಟು ಒತ್ತಡ ಸಾಲುವುದಿಲ್ಲ. ಆ ದೀಪ ಹತ್ತಿಸುವ ಆಯಿಲ್ ಸ್ವಿಚ್ ಬಿಚ್ಚಿ, ಅದೇ ಜಾಗಕ್ಕೆ ಮುಳ್ಳಿನ ಗೇಜ್ ಹಾಕಿ, ಬಿಸಿ ಎಂಜಿನ್‌ನಲ್ಲಿ ಐಡ್ಲಿಂಗ್‌ನಲ್ಲೂ 2,000 ಆರ್‌ಪಿಎಂನಲ್ಲೂ ಓದಬೇಕು. ಪ್ರತಿ 1,000 ಆರ್‌ಪಿಎಂಗೆ ಕನಿಷ್ಠ 0.7 ಬಾರ್ ಅನ್ನುವುದು ಮೆಕ್ಯಾನಿಕ್‌ಗಳ ಹಳೆಯ ಅಂದಾಜು. ಆಯಾ ಎಂಜಿನ್‌ನ ಕೈಪಿಡಿಯಲ್ಲಿರುವ ಅಂಕಿಯೇ ಕೊನೆಯ ಮಾತು.

ಪ್ರೆಷರ್ ಕಡಿಮೆ ಬಂದರೆ ಕೆಳಗೆ ಹುಡುಕಬೇಕು. ಚೇಂಬರ್ (ಎಂಜಿನ್ ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆ) ಬಿಚ್ಚಿದರೆ ಪಂಪಿನ ಬಾಯಲ್ಲಿರುವ ಜಾಲರಿ ಕಾಣುತ್ತದೆ. ಅಲ್ಲಿ ಕಪ್ಪು ಗಸಿ ಕಟ್ಟಿರಬಹುದು. ಅದಕ್ಕಿಂತ ಬೇಸರ ತರುವ ಇನ್ನೊಂದು ವಸ್ತುವೂ ಅಲ್ಲಿ ಸಿಗುತ್ತದೆ: ಸಿಲಿಕಾನ್ ಗ್ಯಾಸ್ಕೆಟ್ ಪೇಸ್ಟ್‌ನ ಚೂರುಗಳು. ಈ 1.3 ಎಂಜಿನ್‌ನಲ್ಲಿ ಕ್ಯಾಮ್‌ಗಳು ಕೂತಿರುವ ಮೇಲಿನ ಭಾಗವನ್ನು ಹೆಡ್‌ಗೆ ಪೇಸ್ಟ್ ಹಚ್ಚಿಯೇ ಕೂರಿಸಬೇಕು. ಟ್ಯಾಪೆಟ್ ಬದಲಿಸಲು ಅದನ್ನು ಎಬ್ಬಿಸದೆ ಬೇರೆ ದಾರಿಯಿಲ್ಲ. ಆಯಿಲ್ ಲೀಕ್ ಆಗದಿರಲಿ ಅಂತ ಧಾರಾಳವಾಗಿ ಹಚ್ಚಿದ ಪೇಸ್ಟ್, ಬೋಲ್ಟ್ ಬಿಗಿದಾಗ ಒಳಗಡೆಗೂ ಉಕ್ಕುತ್ತದೆ. ಹೊರಗೆ ಉಕ್ಕಿದ್ದನ್ನು ಒರೆಸಬಹುದು, ಒಳಗಿನದು ಕಣ್ಣಿಗೆ ಬೀಳುವುದಿಲ್ಲ. ಅದು ಕಳಚಿ ಎಣ್ಣೆಯ ಜೊತೆ ಹರಿದು ಜಾಲರಿಗೆ ಅಂಟಬಹುದು, ಇಲ್ಲವೇ ಟ್ಯಾಪೆಟ್‌ಗೆ ಹೋಗುವ ದಾರಿಗೇ ಅಡ್ಡ ಕೂರಬಹುದು. ಸಾಲಾಗಿ ನಾಲ್ಕು ಟ್ಯಾಪೆಟ್ ಬಡಿಯುತ್ತಿವೆ, ಪ್ರೆಷರ್ ಮಾತ್ರ ಸರಿ ಇದೆ ಅಂದರೆ ಈ ಸಾಧ್ಯತೆ ದೊಡ್ಡದು. ಹೆಡ್ ಇಳಿಸಿ ಏರಿಸಿದ್ದರೆ ಗ್ಯಾಸ್ಕೆಟ್‌ನ ಎಣ್ಣೆ ತೂತು ಸರಿಯಾದ ಜಾಗದಲ್ಲಿದೆಯಾ ಅನ್ನುವುದೂ ಪ್ರಶ್ನೆ.

ಸವೆದ ಸಂಗಡಿಗರು, ಡೂಪ್ಲಿಕೇಟ್ ಪಾರ್ಟು

ಟ್ಯಾಪೆಟ್ ಹೊಸದು. ಅದರ ಮೇಲೆ ಕೂತ ರಾಕರ್ ಹಳೆಯದು. ಅದನ್ನು ಒತ್ತುವ ಕ್ಯಾಮ್ ಇನ್ನೂ ಹಳೆಯದು. ರಾಕರ್‌ನ ರೋಲರ್ ಒಳಗೆ ಸೂಜಿಯಂಥ ಪುಟ್ಟ ಬೇರಿಂಗ್‌ಗಳಿವೆ. ಅವು ಸವೆದರೆ ರೋಲರ್ ಲೊಡಲೊಡ ಅನ್ನುತ್ತದೆ. ಬರುವ ಸದ್ದು ಟ್ಯಾಪೆಟ್‌ದೇ ಅನ್ನುವಷ್ಟು ಹೋಲುತ್ತದೆ. ರಾಕರ್ ಕೈಯಲ್ಲಿ ಹಿಡಿದು ರೋಲರ್ ಅನ್ನು ಮೇಲೆ ಕೆಳಗೆ ಅಲುಗಾಡಿಸಿದರೆ ಗೊತ್ತಾಗುತ್ತದೆ. ನುಣ್ಣಗೆ ತಿರುಗಬೇಕು, ಆಟ ಇರಬಾರದು. ಕ್ಯಾಮ್ ಉಬ್ಬಿನ ಮೇಲೆ ಉಗುರು ಎಳೆದಾಗ ಗೀರು, ಗುಳಿ ಸಿಕ್ಕರೆ ಅದೂ ಹೋಗಿದೆ ಅಂತಲೇ. ಹೆಡ್‌ನಲ್ಲಿ ಟ್ಯಾಪೆಟ್ ಕೂರುವ ಗುಳಿ ಸವೆದಿದ್ದರೆ ಎಣ್ಣೆ ಒಳಗೆ ಹೋಗುವ ಬದಲು ಪಕ್ಕದಿಂದಲೇ ಜಾರಿಹೋಗುತ್ತದೆ.

ಹಳೆಯ ಟ್ಯಾಪೆಟ್‌ಗಳನ್ನೇ ತೊಳೆದು ಹಾಕಿದ್ದರೆ, ಯಾವುದು ಎಲ್ಲಿತ್ತೋ ಅಲ್ಲಿಗೇ ಹೋಗಬೇಕು. ಪ್ರತಿಯೊಂದೂ ತನ್ನ ಜೊತೆಗಾರರೊಂದಿಗೆ ತನ್ನದೇ ರೀತಿಯಲ್ಲಿ ಸವೆದಿರುತ್ತದೆ. ಎಲ್ಲವನ್ನೂ ಒಂದೇ ಡಬ್ಬಕ್ಕೆ ಸುರಿದು ಡೀಸೆಲ್‌ನಲ್ಲಿ ಅಲ್ಲಾಡಿಸಿದ ಮೇಲೆ ಆ ಲೆಕ್ಕ ಯಾರಿಗೂ ಸಿಗದು.

ಡೂಪ್ಲಿಕೇಟ್ ಪಾರ್ಟ್ ಅನುಮಾನ ಕೊನೆಗೆ ಇಟ್ಟುಕೊಂಡೆ, ಸುಳ್ಳು ಅಂತಲ್ಲ. ಸಾವಿರದ ಭಾಗದ ಸಂದಿನ ಮೇಲೆ ನಿಂತಿರುವ ಪಾರ್ಟ್ ಇದು. ಆ ಅಳತೆ ತಪ್ಪಿದರೆ ಎಣ್ಣೆ ಬೇಗ ಸೋರಿ ಎಷ್ಟು ಓಡಿಸಿದರೂ ಬಡಿಯುತ್ತಲೇ ಇರುತ್ತದೆ. ಡಬ್ಬಿ, ಬಿಲ್, ಪಾರ್ಟ್ ನಂಬರ್ ಕೇಳಿ ಇಟ್ಟುಕೊಳ್ಳಿ. ತೆಗೆದ ಹಳೆಯ 16 ಟ್ಯಾಪೆಟ್‌ಗಳನ್ನೂ ವಾಪಸ್ ಕೇಳಿ, ನಾಚಿಕೆ ಬೇಡ.

ಅದು ಟ್ಯಾಪೆಟ್ ಸದ್ದೇನಾ?

ಎಷ್ಟೋ ಸಲ ತಪ್ಪು ಆಗಿರುವುದು ಮೊದಲ ಹೆಜ್ಜೆಯಲ್ಲೇ. ಟ್ಯಾಪೆಟ್ ಚೆನ್ನಾಗಿತ್ತು, ಸದ್ದು ಬೇರೆ ಕಡೆಯದು.

ಉದ್ದನೆಯ ಸ್ಕ್ರೂಡ್ರೈವರ್‌ನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಎಂಜಿನ್‌ನ ಬೇರೆ ಬೇರೆ ಜಾಗಕ್ಕೆ ಮುಟ್ಟಿಸಿ ಕೇಳುವುದು ಹಳೆಯ ವಿದ್ಯೆ. ಬೆಲ್ಟ್, ಫ್ಯಾನ್‌ನಿಂದ ದೂರ ಇರಬೇಕು ಅಷ್ಟೇ. ಟ್ಯಾಪೆಟ್ ಸದ್ದು ಮೇಲ್ಭಾಗದಲ್ಲಿ, ಹಗುರ ಮತ್ತು ಚೂಪು. ಅದು ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ಬರುತ್ತದೆ. 800 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು ಏಳು ಬಡಿತ. ಕೆಳಗಿನಿಂದ ಟಕ್ ಟಕ್ ಅಂತ ಭಾರವಾಗಿ, ಲೋಡ್ ಬಿದ್ದಾಗ ಜಾಸ್ತಿಯಾಗುವ ಬಡಿತ, ಪಿಸ್ಟನ್ ಅನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬೇರಿಂಗ್‌ದು. ಅದು ಬಂದರೆ ಗಾಡಿ ಓಡಿಸಲೇಬಾರದು.

ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೆಡ್‌ನಿಂದ ಹೊಗೆ ಹೊರಗೆ ಒಯ್ಯುವ ಕೊಳವೆ) ಗ್ಯಾಸ್ಕೆಟ್ ಸೀಳಿದ್ದರೆ ಹೊಗೆ ಚಿಮ್ಮುವ ಸದ್ದೂ ಟಿಕ್ ಟಿಕ್ ಅಂತಲೇ ಕೇಳುತ್ತದೆ. ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚಿ ಸದ್ದು ಕಡಿಮೆಯಾಗುವುದರಿಂದ ಟ್ಯಾಪೆಟ್ ಅಂತ ಮೋಸ ಹೋಗುವುದು ಸುಲಭ. ಗ್ಯಾಸ್ಕೆಟ್ ಸುತ್ತ ಮಸಿ ಹಿಡಿದಿದ್ದರೆ ಗುಟ್ಟು ರಟ್ಟಾಯಿತು. ಈ 1.3 ಎಂಜಿನ್‌ನಲ್ಲಿ ಕ್ರ್ಯಾಂಕ್‌ನಿಂದ ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್ ಇದೆ. ಚೈನ್ ಸಡಿಲವಾದರೆ ಸದ್ದು ಎಂಜಿನ್‌ನ ಒಂದು ಬದಿಯಿಂದ, ಜರಜರ ಅಂತ ಬರುತ್ತದೆ.

ಇನ್ನು ಇಂಜೆಕ್ಟರ್. ಡೀಸೆಲ್‌ನಲ್ಲಿ ಇಂಜೆಕ್ಟರ್ ಸದ್ದು ಇದ್ದೇ ಇರುತ್ತದೆ, ಒಂದು ಕೆಟ್ಟರೆ ಜಾಸ್ತಿಯಾಗುತ್ತದೆ. ಒಂದೊಂದೇ ಇಂಜೆಕ್ಟರ್‌ನ ವೈರ್ ಸಾಕೆಟ್ ತೆಗೆದು ನೋಡಿದಾಗ ಸದ್ದು ಬದಲಾದರೆ ಅದು ಇಂಜೆಕ್ಟರ್ ಅಥವಾ ರಾಡ್ ಕಡೆಯದು. ಟ್ಯಾಪೆಟ್ ಸದ್ದು ಇದಕ್ಕೆಲ್ಲ ಜಗ್ಗುವುದಿಲ್ಲ. ಈ ಪರೀಕ್ಷೆ ಮೆಕ್ಯಾನಿಕ್ ಮಾಡಲಿ, ಮೀಟರ್‌ನಲ್ಲಿ ಎಂಜಿನ್ ದೀಪ ಹತ್ತಿದರೆ ಸ್ಕ್ಯಾನರ್‌ನಿಂದ ಅಳಿಸಬೇಕಾಗುತ್ತದೆ. ಹಳೆಯ ಡೀಸೆಲ್ ಗಾಡಿಗಳಲ್ಲಿ ಮಾಡುತ್ತಿದ್ದ ಹಾಗೆ ಇಂಜೆಕ್ಟರ್ ಪೈಪ್‌ನ ನಟ್ ಸಡಿಲ ಮಾಡಿ ನೋಡುವುದಂತೂ ಬೇಡವೇ ಬೇಡ. ಇಂಥ ಕಾಮನ್ ರೈಲ್ ಎಂಜಿನ್ (ಎಲ್ಲ ಇಂಜೆಕ್ಟರ್‌ಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವಂಥದ್ದು) ಓಡುವಾಗ ಆ ಪೈಪಿನ ಒತ್ತಡ 1,000 ಬಾರ್ ದಾಟಬಹುದು. ಆ ಡೀಸೆಲ್ ಚಿಮ್ಮಿದರೆ ಚರ್ಮ ಸೀಳಿ ಒಳಗೆ ನುಗ್ಗುತ್ತದೆ.

ಮತ್ತೆ ಬಿಚ್ಚುವುದೇ ಆದರೆ

ಮೊದಲೇ ಒಂದು ಮಾತು. ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಎಂಜಿನ್‌ಗೆ ಸುರಿದು ಸ್ಟಾರ್ಟ್ ಮಾಡಿ 'ಫ್ಲಶ್' ಮಾಡುವ ಪದ್ಧತಿ ಕೆಲವು ಕಡೆ ಇನ್ನೂ ಇದೆ. ಟರ್ಬೊ ಇರುವ ಎಂಜಿನ್‌ಗೆ ಇದು ನೇರ ಪೆಟ್ಟು. ಬೇರಿಂಗ್‌ಗಳ ಮೇಲಿನ ಎಣ್ಣೆಯ ಪದರ ತೊಳೆದುಹೋಗುತ್ತದೆ. ವರ್ಷಗಳಿಂದ ಅಂಟಿದ್ದ ಗಸಿ ಒಮ್ಮೆಗೇ ಎದ್ದು ಜಾಲರಿಗೆ, ಟ್ಯಾಪೆಟ್ ತೂತಿಗೆ ಸೇರುತ್ತದೆ. ಗಸಿ ತೆಗೆಯಬೇಕಿದ್ದರೆ ಚೇಂಬರ್ ಬಿಚ್ಚಿ ಕೈಯಲ್ಲೇ ತೆಗೆಯುವುದು ವಾಸಿ. ಜೊತೆಗೆ ಒಳ್ಳೆಯ ಆಯಿಲ್ಲು, ಫಿಲ್ಟರನ್ನು ಒಂದೆರಡು ಸಲ ಬೇಗ ಬೇಗ ಬದಲಿಸಬೇಕು.

ಬಕೆಟ್ ಮಾದರಿಯ ಎಂಜಿನ್ ಆದರೆ ಕವರ್ ತೆಗೆದ ಕೂಡಲೇ ಕೆಟ್ಟ ಟ್ಯಾಪೆಟ್ ಯಾವುದು ಅಂತ ಕಂಡುಹಿಡಿಯಬಹುದು. ಮೊದಲು ಎಂಜಿನ್ ಬಿಸಿ ಮಾಡಿ ಆಫ್ ಮಾಡಿ, ಕವರ್ ತೆಗೆದು, ಕ್ಯಾಮ್ ಉಬ್ಬು ಮೇಲಕ್ಕೆ ಬರುವಂತೆ ತಿರುಗಿಸಿ, ಟ್ಯಾಪೆಟ್ ತಲೆಯನ್ನು ಮರದ ಅಥವಾ ಪ್ಲಾಸ್ಟಿಕ್ ತುಂಡಿನಿಂದ ಕೆಳಗೆ ಒತ್ತಿ. ಕ್ಯಾಮ್‌ಗೂ ಟ್ಯಾಪೆಟ್‌ಗೂ ನಡುವೆ 0.2 ಮಿ.ಮೀ. ಫೀಲರ್ ಗೇಜ್ ನುಸುಳಿದರೆ ಅದನ್ನು ಬದಲಿಸಬೇಕು. ಕೆಲವು ಎಂಜಿನ್‌ಗಳಿಗೆ ಈ ಮಿತಿ 0.1 ಮಿ.ಮೀ. ಮಾತ್ರ. ಹೀಗೆ ನೋಡಿದರೆ ಇಡೀ ಸೆಟ್ ಬದಲು ಒಂದೋ ಎರಡೋ ಬದಲಿಸಿದರೆ ಸಾಕಾಗಬಹುದು. 1.3 ಡೀಸೆಲ್‌ನಂಥ ರಾಕರ್ ಎಂಜಿನ್‌ನಲ್ಲಿ ಕ್ಯಾಮ್‌ಗಳ ಮೇಲಿನ ಭಾಗ ಎಬ್ಬಿಸಿದ ಮೇಲೆ ಒಂದೊಂದೇ ಟ್ಯಾಪೆಟ್ ತೆಗೆದು ಬೆರಳಿನಿಂದ ಒತ್ತಿ ನೋಡಬೇಕು. ಮೆತ್ತಗಾದದ್ದನ್ನು ಗುರುತು ಹಾಕಿ ಇಡಿ. ವಾಪಸ್ ಕೂರಿಸುವಾಗ ರಾಕರ್‌ಗಳು ಜಾರದೆ ತಮ್ಮ ಜಾಗದಲ್ಲೇ ಇವೆಯಾ ಅಂತ ಎರಡು ಸಲ ನೋಡುವುದೂ, ಕ್ಯಾಮ್ ಲಾಕ್ ಮಾಡುವ ಟೂಲ್ ಬಳಸುವುದೂ ಕಡ್ಡಾಯ.

ಅಲ್ಲಿಯವರೆಗೆ ಗಾಡಿ ಓಡಿಸಬಹುದಾ? ಆಯಿಲ್ ಮಟ್ಟ, ಪ್ರೆಷರ್ ಎರಡೂ ಸರಿಯಿದ್ದು, ಹಗುರವಾದ ಟಿಕ್ ಮಾತ್ರ ಇದ್ದರೆ ಕೆಲವು ದಿನ ನಿಧಾನವಾಗಿ ಓಡಿಸಿದರೆ ಆಗುವ ಅನಾಹುತ ಏನಿಲ್ಲ. ತಿಂಗಳುಗಟ್ಟಲೆ ಬಿಟ್ಟರೆ ಆ ಬಡಿತ ರಾಕರ್ ಮತ್ತು ಕ್ಯಾಮ್ ಎರಡನ್ನೂ ತಿನ್ನುತ್ತದೆ, ಆಗ ಬಿಲ್ ಹಲವು ಪಟ್ಟು. ಸದ್ದಿನ ಜೊತೆ ಆಯಿಲ್ ದೀಪ ಮಿಣುಕಿದರೆ, ಮಿಸ್ಸಿಂಗ್ ಶುರುವಾದರೆ ಅಥವಾ ಬಡಿತ ಕೆಳಗಿನಿಂದ ಬರುತ್ತಿದೆ ಅನ್ನಿಸಿದರೆ ಪಕ್ಕಕ್ಕೆ ನಿಲ್ಲಿಸಿ ಟೋಯಿಂಗ್‌ನವರಿಗೆ ಫೋನ್ ಮಾಡಿ.